ವ್ಯಾಧಿಯ ದಿನಗಳಲ್ಲಿ ಯಾತ್ರೆಯ ಸ್ಮರಣೆ

ನಮ್ಮ ಸಮಾಜದ ಮನೆಗಳಲ್ಲಿ ಯಾತ್ರೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ತೀರ್ಥಕ್ಷೇತ್ರಗಳ ವಂದನೆ. ಇನ್ನೊಂದು, ಆ ನೆಪದಲ್ಲಿ ಇಡೀ ಕುಟುಂಬ ಒಟ್ಟಿಗೆ ಕಳೆಯುವ ಕೆಲವು ದಿನಗಳು. ಮೊದಲನೆಯದು ಪುಣ್ಯಸಂಚಯಕ್ಕೆ ಕಾರಣವೆಂದು ಹಿರಿಯರು ಹೇಳುತ್ತಾರೆ. ಎರಡನೆಯದರ ಬಗ್ಗೆ ಯಾರೂ ಹೆಚ್ಚಾಗಿ ಮಾತನಾಡುವುದಿಲ್ಲ. ಆದರೆ ಮನುಷ್ಯನು ರೋಗಶಯ್ಯೆಯಲ್ಲಿ ಮಲಗಿದಾಗ ಮನಸ್ಸು ಮೊದಲು ಓಡುವುದು ಈ ಎರಡನೆಯದರ ಕಡೆಗೇ. ಹಾಗೆ ಓಡುವ ಮನಸ್ಸನ್ನು ತಡೆಯಬೇಕೇ, ಬಿಡಬೇಕೇ ಅಥವಾ ಅದಕ್ಕೆ ಒಂದು ದಾರಿಯನ್ನು ತೋರಬೇಕೇ? ಈ ಪ್ರಶ್ನೆ ನನ್ನ ಪಾಲಿಗೆ ಕೇವಲ ಶಾಸ್ತ್ರಚರ್ಚೆಯಾಗಿರಲಿಲ್ಲ. ಆದ್ದರಿಂದ ಅದನ್ನು ಸಹಧರ್ಮಿ ಬಂಧುಗಳ ಮುಂದೆ ಇಡುತ್ತಿದ್ದೇನೆ.

ನಾನು ಕಾರ್ಕಳ ತಾಲ್ಲೂಕಿನವಳು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. 2023ರ ಜೂನ್ ತಿಂಗಳಲ್ಲಿ, ನನ್ನ ಅರವತ್ತೆರಡನೆಯ ವಯಸ್ಸಿನಲ್ಲಿ, ಸ್ತನದ ಕ್ಯಾನ್ಸರ್ ಇರುವುದು ತಿಳಿಯಿತು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅನಂತರ ಇಪ್ಪತ್ತೊಂದು ದಿನಗಳಿಗೊಮ್ಮೆಯಂತೆ ಎಂಟು ಸಲ ಕೀಮೋಥೆರಪಿ, ಅದು ಮುಗಿದ ಮೇಲೆ ಹದಿನೈದು ದಿನ ವಿಕಿರಣ ಚಿಕಿತ್ಸೆ. ಮೊದಲ ನಾಲ್ಕು ಸಲ ಕೊಡುವ ಔಷಧಗಳಲ್ಲಿ ಒಂದು ಕುಂಕುಮದ ನೀರಿನಂತೆ ಕೆಂಪಾಗಿರುತ್ತದೆ. ಅದು ದೇಹಕ್ಕೆ ಹೋದ ಮೂರನೆಯ ವಾರದಲ್ಲಿ ತಲೆಗೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಕೊನೆಯ ನಾಲ್ಕು ಸಲದ ಔಷಧದಿಂದ ಬೆರಳ ತುದಿಗಳು ಜೋಮು ಹಿಡಿದು, ಜಪಮಾಲೆಯ ಮಣಿ ಕೈಗೆ ತಿಳಿಯದಂತಾಯಿತು. ಬಾಯಿಗೆ ರುಚಿಯಿಲ್ಲ, ರಾತ್ರಿಗೆ ನಿದ್ರೆಯಿಲ್ಲ. ಇದನ್ನು ಅನುಕಂಪಕ್ಕಾಗಿ ಹೇಳುತ್ತಿಲ್ಲ. ಇಂಥ ದಿನಗಳಲ್ಲಿ ಮನಸ್ಸಿಗೆ ಓದಲು, ಕೇಳಲು, ಜಪಿಸಲು ಶಕ್ತಿ ಸಾಲುವುದಿಲ್ಲ. ನೆನಪೊಂದೇ ಕರೆಯದೆ ಬರುತ್ತದೆ ಎಂಬುದನ್ನು ತಿಳಿಸುವುದಕ್ಕಾಗಿ ಹೇಳಿದೆ.

ನನ್ನ ಯಜಮಾನರು 2017ರಲ್ಲಿ ತೀರಿಕೊಂಡಿದ್ದರು. ಶುಶ್ರೂಷೆಗೆಂದು ಬೆಂಗಳೂರಿನಿಂದ ಬಂದ ಮಗಳು ಅಟ್ಟದ ಮೇಲಿದ್ದ ಹಳೆಯ ಫೋಟೋ ಆಲ್ಬಮ್‌ಗಳನ್ನು ಇಳಿಸಿ ಒರೆಸಿ ತಂದಳು. ಔಷಧ ಹನಿಹನಿಯಾಗಿ ಇಳಿಯುವ ಮೂರು ನಾಲ್ಕು ಗಂಟೆಗಳ ಕಾಲ ನಾವಿಬ್ಬರೂ ಆ ಪುಟಗಳನ್ನು ತಿರುವುತ್ತಾ ಹಳೆಯ ಪ್ರಯಾಣಗಳನ್ನು ಮಾತನಾಡಿಕೊಳ್ಳುವುದು ರೂಢಿಯಾಯಿತು. ಮನೆಗೆ ನನ್ನನ್ನು ನೋಡಲು ಬಂದ ದೊಡ್ಡಮ್ಮ ಒಂದು ದಿನ ಇದನ್ನು ಕೇಳಿಸಿಕೊಂಡರು. ಅವರು ಬಹುಕಾಲದಿಂದ ವ್ರತಗಳನ್ನು ಪಾಲಿಸುತ್ತಿರುವ, ಸ್ವಾಧ್ಯಾಯವುಳ್ಳ ಹಿರಿಯರು. ಮೆಲ್ಲಗೆ ನನ್ನ ಕೈ ಹಿಡಿದು, “ಮಗಾ, ಕಳೆದ ಸುಖವನ್ನು ಹೀಗೆ ಮೆಲುಕು ಹಾಕಬಾರದು. ಅದಕ್ಕೆ ಶಾಸ್ತ್ರದಲ್ಲಿ ಒಂದು ಹೆಸರಿದೆ. ನಿನಗೆ ಗೊತ್ತಿಲ್ಲದ್ದೇನಲ್ಲ” ಎಂದರು.

ನನಗೆ ಗೊತ್ತಿತ್ತು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸಲ್ಲೇಖನೆಯ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಆಪ್ತರ ಮೇಲಿನ ಅನುರಾಗ, ಹಿಂದೆ ಉಂಡ ಸುಖವನ್ನು ಮರಳಿ ಮರಳಿ ನೆನೆಯುವುದು, ಮುಂದಿನ ಭೋಗಕ್ಕಾಗಿ ಹಂಬಲಿಸುವುದು. ಇವುಗಳಲ್ಲಿ ನಾಲ್ಕನೆಯದು ಸುಖಾನುಬಂಧ. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯವು ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸುವಾಗ, ಪ್ರಿಯವಾದುದು ಅಗಲಿದಾಗ ಅದು ಮರಳಿ ಬರಲೆಂದು ಚಿಂತಿಸುವುದನ್ನೂ, ನೋವನ್ನೇ ಕುರಿತು ಚಿಂತಿಸುವುದನ್ನೂ ಅದರಲ್ಲಿ ಸೇರಿಸಿದೆ. ಹಾಗಾದರೆ ಅಗಲಿದ ಗಂಡನೊಡನೆ ಮಾಡಿದ ಯಾತ್ರೆಯನ್ನು ನೆನೆಯುತ್ತಾ ಕೀಮೋ ಕುರ್ಚಿಯಲ್ಲಿ ಕುಳಿತ ಹೆಂಗಸು ತನ್ನ ಆತ್ಮಕ್ಕೆ ಕೆಡುಕನ್ನೇ ಮಾಡಿಕೊಳ್ಳುತ್ತಿರುವಳೇ? ದೊಡ್ಡಮ್ಮನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಅವರು ಹೇಳಿದ್ದು ನನ್ನ ಹಿತಕ್ಕಾಗಿ, ಹೇಳಿದ್ದಕ್ಕೆ ಆಧಾರವೂ ಇತ್ತು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆ ಅತಿಚಾರಗಳನ್ನು ಹೇಳಿರುವುದು ಸಲ್ಲೇಖನಾ ವ್ರತವನ್ನು ಕೈಗೊಂಡವರಿಗೆ. ಚಿಕಿತ್ಸೆಯಲ್ಲಿರುವವನ ಸ್ಥಿತಿ ಅದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಅವಕಾಶವನ್ನು ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದಂಥವಾಗಿರಬೇಕು ಎಂಬ ನಿಬಂಧನೆಯನ್ನು ಇಟ್ಟಿದ್ದಾರೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರವೇ ಕರ್ತವ್ಯ. ಆ ಮಹನೀಯರ ಜೀವನದ ಬಗ್ಗೆ ನಮ್ಮ ಪರಂಪರೆಯಲ್ಲಿ ಬಂದಿರುವ ಕಥೆಯೂ ಇದನ್ನೇ ಹೇಳುತ್ತದೆ. ಎಷ್ಟು ಉಂಡರೂ ಹಸಿವು ಅಡಗದ ಭಸ್ಮಕ ವ್ಯಾಧಿ ಅವರನ್ನು ಹಿಡಿದಾಗ ಅವರು ಗುರುಗಳಲ್ಲಿ ಸಲ್ಲೇಖನೆಗೆ ಅನುಮತಿ ಬೇಡಿದರಂತೆ. ಗುರುಗಳು ಒಪ್ಪದೆ, ಮೊದಲು ರೋಗವನ್ನು ಕಳೆದುಕೊಂಡು ಬಾ, ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯವಿದೆ ಎಂದು ಕಳುಹಿಸಿದರಂತೆ. ಕ್ಯಾನ್ಸರ್ ಎಂಬ ಹೆಸರನ್ನು ಕೇಳಿದೊಡನೆ ಕರ್ಮವೆಂದು ಕೈಚೆಲ್ಲುವ ಮನೆಗಳು ಇಂದಿಗೂ ಇವೆ. ಅವರು ಈ ಕಥೆಯನ್ನು ನೆನೆಯಬೇಕು. ಬಾಳಬೇಕೆಂದು ಚಿಕಿತ್ಸೆಯನ್ನು ಸ್ವೀಕರಿಸಿದವನು ಬಾಳಿನ ನೆನಪನ್ನು ಮಾತ್ರ ತೊರೆಯಬೇಕೆಂದರೆ ಅದು ಸಂಗತವಾಗದು.

ಆದರೂ ದೊಡ್ಡಮ್ಮನ ಎಚ್ಚರಿಕೆ ಅಷ್ಟಕ್ಕೇ ಮುಗಿಯುವುದಿಲ್ಲ. ವ್ರತವಿರಲಿ ಇಲ್ಲದಿರಲಿ, ಆರ್ತಧ್ಯಾನ ಎಲ್ಲರಿಗೂ ಬಂಧಕವೇ. ಆದುದರಿಂದ ನನಗೆ ಬರುತ್ತಿದ್ದ ನೆನಪುಗಳನ್ನೇ ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಲು ಪ್ರಯತ್ನಿಸಿದೆ.

ಅವುಗಳಲ್ಲಿ ಹಳೆಯದು 1981ರ ಫೆಬ್ರವರಿಯದು. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯ ಪ್ರತಿಷ್ಠೆಯಾಗಿ ಸಾವಿರ ವರ್ಷ ತುಂಬಿದ ಸಂದರ್ಭದ ಮಹಾಮಸ್ತಕಾಭಿಷೇಕ. ಕಾರ್ಕಳದಿಂದ ಬಸ್ಸು ಮಾಡಿಕೊಂಡು ಹೋದ ನಮ್ಮ ಬಂಧುವರ್ಗದಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಎಂಬತ್ತು ದಾಟಿದವರವರೆಗೆ ಎಲ್ಲರೂ ಇದ್ದರು. ನನಗಾಗ ಇಪ್ಪತ್ತು ವರ್ಷ. ಲಕ್ಷಾಂತರ ಜನ ವಿಂಧ್ಯಗಿರಿಯ ಕಡೆಗೆ ಮುಖ ಮಾಡಿದ್ದಾಗ ನಮ್ಮ ಅಜ್ಜ ಮಾತ್ರ ಮಕ್ಕಳನ್ನೆಲ್ಲ ಕಟ್ಟಿಕೊಂಡು ಎದುರಿನ ಚಂದ್ರಗಿರಿಯನ್ನು ಹತ್ತಿಸಿದರು. ಅಲ್ಲಿನ ಬಂಡೆಗಳ ಮೇಲಿನ ಅಕ್ಷರಗಳನ್ನು ತೋರಿಸುತ್ತಾ, ಇಲ್ಲಿ ಇಂಥವರು ಆಹಾರವನ್ನು ತೊರೆದು ಸಮಾಧಿಯನ್ನು ಸಾಧಿಸಿದರು, ಇಲ್ಲಿ ಇಂಥವರು ಎಂದು ನಿಧಾನವಾಗಿ ಹೇಳಿದರು. ಸುಮಾರು ಕ್ರಿ.ಶ. 700ರದೆಂದು ವಿದ್ವಾಂಸರು ಹೇಳುವ ನಂದಿಸೇನ ಮುನಿಗಳ ಶಾಸನದ ಕುರಿತು ನಾನು ಮೊದಲು ಕೇಳಿದ್ದು ಅಲ್ಲಿಯೇ. ರೂಪ, ವಿಲಾಸ, ಧನ, ವೈಭವಗಳೆಲ್ಲ ಕಾಮನಬಿಲ್ಲಿನಂತೆ, ಮಿಂಚಿನಂತೆ, ಮಂಜಿನಂತೆ ಬೇಗ ಮರೆಯಾಗುವವು ಎಂಬ ಭಾವ ಅದರಲ್ಲಿದೆ. ಮುಂದೆ ಎಷ್ಟೋ ವರ್ಷ ಅದನ್ನು ತರಗತಿಯಲ್ಲಿ ಪಾಠ ಹೇಳಿದೆ. ಬೆಟ್ಟದ ಅಂಚಿನಲ್ಲಿ ನಿಂತು ನೋಡಿದರೆ ಊರು, ಕಲ್ಯಾಣಿ, ಅದರಾಚೆ ವಿಂಧ್ಯಗಿರಿಯ ನೆತ್ತಿಯಲ್ಲಿ ಅಟ್ಟಣಿಗೆಯ ಮುಂದೆ ಸ್ವಾಮಿಯ ಮುಖ. “ಅಲ್ಲಿ ನಾಳೆ ಉತ್ಸವ. ಇಲ್ಲಿ ಉತ್ಸವವಿಲ್ಲ. ಎರಡನ್ನೂ ನೋಡಿಕೊಂಡು ಹೋಗಬೇಕು” ಎಂದರು ಅಜ್ಜ. ಮರುದಿನಗಳ ಅಭಿಷೇಕದ ಹಾಲು, ಎಳನೀರು, ಅರಿಸಿನ, ಚಂದನಗಳ ವೈಭವ ನನ್ನ ನೆನಪಿನಲ್ಲಿ ಈಗ ಮಸುಕಾಗಿದೆ. ಚಂದ್ರಗಿರಿಯ ಕಾದ ಬಂಡೆ ಮಾತ್ರ ಅಂಗಾಲಿಗೆ ಇನ್ನೂ ತಿಳಿಯುತ್ತದೆ.

ಎರಡನೆಯದು ಸಮ್ಮೇದ ಶಿಖರ್ಜಿಯ ಯಾತ್ರೆ. 1994ರ ಡಿಸೆಂಬರ್ ತಿಂಗಳು. ಅಂದಿಗೆ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿರಲಿಲ್ಲ. ಮಂಗಳೂರಿನಿಂದ ಮದರಾಸು, ಅಲ್ಲಿಂದ ಕೋರಮಂಡಲ್ ಎಕ್ಸ್‌ಪ್ರೆಸ್ಸಿನಲ್ಲಿ ಹೌರಾ, ಅಲ್ಲಿಂದ ಪಾರಸನಾಥ ನಿಲ್ದಾಣ, ಮತ್ತೆ ವ್ಯಾನಿನಲ್ಲಿ ಮಧುವನ. ಮಾವ, ಅತ್ತೆ, ಯಜಮಾನರು, ನಾನು, ಹನ್ನೊಂದು ವರ್ಷದ ಮಗಳು, ಒಂಬತ್ತು ವರ್ಷದ ಮಗ. ದಾರಿಯ ಬುತ್ತಿಗೆಂದು ಅತ್ತೆ ಹುರಿಟ್ಟು, ಅವಲಕ್ಕಿ, ಬೆಲ್ಲ, ಒಣಕೊಬ್ಬರಿಗಳನ್ನು ಎರಡು ಡಬ್ಬಿಗಳಲ್ಲಿ ತುಂಬಿಸಿದ್ದರು. ರೈಲಿನಲ್ಲಿ ಸೂರ್ಯಾಸ್ತಕ್ಕೆ ಮೊದಲು ಎಲ್ಲರಿಗೂ ಹಂಚಿ ಡಬ್ಬಿ ಮುಚ್ಚುವುದು ಅವರದೇ ಅಧಿಕಾರ. ಇಪ್ಪತ್ತು ಮಂದಿ ತೀರ್ಥಂಕರರು ನಿರ್ವಾಣ ಹೊಂದಿದ ಆ ಗಿರಿರಾಜನನ್ನು ವಂದಿಸಲು ಒಂಬತ್ತು ಕಿಲೋಮೀಟರ್ ಏರಬೇಕು, ಮೇಲೆ ಟೋಂಕುಗಳನ್ನು ಸುತ್ತಲು ಒಂಬತ್ತು, ಇಳಿಯಲು ಒಂಬತ್ತು. ಮುಂಜಾನೆ ಮೂರು ಗಂಟೆಗೆ, ಕೈಯಲ್ಲಿ ಬಿದಿರಿನ ಕೋಲು ಮತ್ತು ಟಾರ್ಚು ಹಿಡಿದು ಹೊರಟೆವು.

ಮಾವನಿಗೆ ಎಪ್ಪತ್ತು ದಾಟಿತ್ತು, ಮೊಣಕಾಲು ನೋವಿತ್ತು. ಅವರಿಗಾಗಿ ಡೋಲಿ ಮಾಡಲಾಗಿತ್ತು. ಡೋಲಿಗೆ ಕೂಲಿ ನಿಗದಿಯಾಗುವುದು ಕೂರುವವರ ತೂಕದ ಮೇಲೆ. ತಕ್ಕಡಿಯಿಂದ ಇಳಿದ ಮಾವ, “ಇಷ್ಟು ವರ್ಷ ಉಂಡದ್ದಕ್ಕೆ ಇವತ್ತು ಲೆಕ್ಕ ಸಿಕ್ಕಿತು” ಎಂದು ನಕ್ಕರು. ಹೊರುವವರು ಆ ಪ್ರದೇಶದ ಬಡಜನ. ಆ ಬೆಟ್ಟ ಅಲ್ಲಿನ ಸಂತಾಲರಿಗೂ ಪವಿತ್ರ. ಅವರು ಅದನ್ನು ಮರಾಂಗ್ ಬುರು ಎಂದು ಪೂಜಿಸುತ್ತಾರೆ. ಏರು ಕಡಿದಾದ ಕಡೆಯೆಲ್ಲ ಮಾವ ಡೋಲಿಯನ್ನು ನಿಲ್ಲಿಸಿ ಇಳಿದು, ಕೋಲೂರಿಕೊಂಡು ಹತ್ತು ಇಪ್ಪತ್ತು ಹೆಜ್ಜೆ ನಡೆದು ಮತ್ತೆ ಕೂರುತ್ತಿದ್ದರು. ಯಜಮಾನರು ಆಕ್ಷೇಪಿಸಿದಾಗ, “ನನ್ನ ಪುಣ್ಯಕ್ಕೆ ಇವರ ಉಸಿರು ಕಟ್ಟಬಾರದು, ಮಗು” ಎಂದರು. ವಂದನೆ ಮುಗಿಸಿ ಇಳಿಯುವಾಗ ಹೊರುವವರು ಉಂಡರೆಂದು ತಿಳಿಯುವವರೆಗೆ ತಾವು ಬಾಯಿಗೆ ಏನನ್ನೂ ಹಾಕಲಿಲ್ಲ. ಮೇಲೆ, ಎಲ್ಲಕ್ಕಿಂತ ಎತ್ತರದ ಪಾರ್ಶ್ವನಾಥ ಟೋಂಕಿನ ಮೆಟ್ಟಿಲಲ್ಲಿ, ಯಜಮಾನರು ದಣಿದ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಮ್ಮ ಶಾಲಿನ ಒಂದು ತುದಿಯನ್ನು ನನ್ನ ಹೆಗಲಿಗೆ ಹೊದಿಸಿದ್ದರು. ಕೆಳಗೆ ಮಂಜು ಕರಗಿ ಕಾಡು ಕಾಣತೊಡಗಿತ್ತು. ಯಾರೂ ಮಾತನಾಡಲಿಲ್ಲ.

ಮೂರನೆಯದನ್ನು ಯಾತ್ರೆ ಎನ್ನಲೂ ಸಂಕೋಚ. ಮನೆಯಿಂದ ಅರ್ಧ ದಿನದಲ್ಲಿ ಹೋಗಿಬರುವ ವರಂಗ. ಅಲ್ಲಿನ ಕೆರೆ ಬಸದಿಗೆ ದೋಣಿಯಲ್ಲೇ ಹೋಗಬೇಕು. ದೋಣಿ ಚಿಕ್ಕದು. ಆದ್ದರಿಂದ ಹಿರಿಯರು ಮತ್ತು ಕೂಸುಗಳು ಮೊದಲು, ಉಳಿದವರು ದಡದಲ್ಲಿ ಕಾಯಬೇಕು. ಮಕ್ಕಳು ಅವಸರಪಡುತ್ತಿದ್ದರು. ಅತ್ತೆ ಅವರನ್ನು ಕೂರಿಸಿಕೊಂಡು, ದೋಣಿ ಬರುವುದರೊಳಗೆ ಇಪ್ಪತ್ತನಾಲ್ಕು ತೀರ್ಥಂಕರರ ಹೆಸರು ಲಾಂಛನಗಳನ್ನು ಹೇಳಿಸುತ್ತಿದ್ದರು. ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಹೋಗುವುದು ಪದ್ಧತಿಯಾಗಿತ್ತು. ಅದರ ಒಂದು ಫೋಟೋ ಕೂಡ ಆಲ್ಬಮ್ಮಿನಲ್ಲಿಲ್ಲ. ಆದರೆ ಆಸ್ಪತ್ರೆಯ ಹೊರಗಿನ ಸಾಲಿನಲ್ಲಿ, ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಕಾದು ಕುಳಿತ ಬೆಳಗುಗಳಲ್ಲಿ, ನನಗೆ ನೆನಪಾಗುತ್ತಿದ್ದುದು ಆ ದಡವೇ. ಬಿಳಿ ರಕ್ತಕಣಗಳು ಸಾಕಷ್ಟು ಇದ್ದರಷ್ಟೇ ಅಂದಿನ ಔಷಧ. ಇಲ್ಲವಾದರೆ ಮನೆಗೆ ಮರಳಿ ಮತ್ತೊಂದು ವಾರ ಕಾಯಬೇಕು. ನಾನೂ ಮಗಳೂ ಸುಮ್ಮನೆ ವೃಷಭನಾಥರಿಂದ ಆರಂಭಿಸಿ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದೆವು.

ಈಗ ದೊಡ್ಡಮ್ಮನ ಪ್ರಶ್ನೆಗೆ ಮರಳೋಣ. ಮೂರನೆಯ ಸಲದ ಕೀಮೋ ಆದ ರಾತ್ರಿ ವಾಂತಿ ನಿಲ್ಲದೆ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ನಿದ್ರೆ ಬಾರದಾಗ ಶಿಖರ್ಜಿಯ ಆ ಮುಂಜಾವು ಕಣ್ಣ ಮುಂದೆ ನಿಂತಿತು. ಶಾಲಿನ ತುದಿ, ಮಂಜು, ಅವರ ಹೆಗಲು. ಮೊದಲು ಹಿತವಾಯಿತು. ಸ್ವಲ್ಪ ಹೊತ್ತಿನಲ್ಲೇ ಮನಸ್ಸು, ಅದು ಮತ್ತೆ ಬೇಕು ಎಂದಿತು. ಯಾಕೆ ಇಲ್ಲ ಎಂದಿತು. ಯಾರಿಗೂ ಇಲ್ಲದ್ದು ನನಗೇ ಏಕೆ ಎಂದಿತು. ನೋವು ಇಮ್ಮಡಿಯಾಯಿತು, ಪಕ್ಕದಲ್ಲಿ ತೂಕಡಿಸುತ್ತಿದ್ದ ಮಗಳ ಮೇಲೆ ಕಾರಣವಿಲ್ಲದೆ ಸಿಡುಕು ಹುಟ್ಟಿತು. ಅದೇ ರಾತ್ರಿ, ಅದೇ ಯಾತ್ರೆಯ ಇನ್ನೊಂದು ನೆನಪೂ ಬಂದಿತು. ಮಾವ ಡೋಲಿಯಿಂದ ಇಳಿಯುತ್ತಿರುವುದು. ಆ ಹೊತ್ತಿಗೆ ವಾರ್ಡಿನ ಆಯಾ ಬಂದು ಬೇಸಿನ್ ಎತ್ತಿ, ನೆಲ ಒರೆಸಿ, ಹಾಸಿಗೆಯ ಬಟ್ಟೆಯನ್ನು ಬದಲಿಸಿದಳು. “ನಿನ್ನ ಊಟವಾಯಿತೇ ಅಮ್ಮಾ?” ಎಂದು ಕೇಳಿದೆ. ಆಗಿರಲಿಲ್ಲ. ಮಗಳನ್ನು ಎಬ್ಬಿಸಿ ಚೀಲದಲ್ಲಿದ್ದ ಬಾಳೆಹಣ್ಣು, ಬಿಸ್ಕತ್ತುಗಳನ್ನು ಕೊಡಿಸಿದೆ. ಬೆಳಗಿನ ಜಾವಕ್ಕೆ ನನಗೆ ನಿದ್ರೆ ಬಂದಿತು.

ಒಂದೇ ಯಾತ್ರೆ, ಒಂದೇ ಬೆಟ್ಟ, ಒಂದೇ ದಿನ. ಒಂದು ನೆನಪು ನನ್ನನ್ನು ಬಂಧಿಸಿತು, ಇನ್ನೊಂದು ಬಿಡಿಸಿತು. ಆದುದರಿಂದ ದೋಷವಾಗಲಿ ಗುಣವಾಗಲಿ ನೆನಪಿನಲ್ಲಿಲ್ಲ; ನೆನಪಿನ ಕೊನೆಯಲ್ಲಿ ಮನಸ್ಸು ಏನನ್ನು ಕೇಳುತ್ತದೆ ಎಂಬುದರಲ್ಲಿದೆ. ಅದು ಮತ್ತೆ ಕೊಡು ಎಂದು ಕೇಳಿದರೆ ಸುಖಾನುಬಂಧ. ಅಂಥವರ ಜೊತೆಯಲ್ಲಿ ನಡೆಯುವ ಭಾಗ್ಯ ನನಗಿತ್ತಲ್ಲ ಎಂದು ತಣಿದರೆ, ಗುಣವಂತರನ್ನು ಕಂಡು ಹರ್ಷಿಸುವ ಪ್ರಮೋದಭಾವನೆ. ಅವೆಲ್ಲ ಬಂದಂತೆಯೇ ಹೋದವು, ಈ ನೋವೂ ಹಾಗೆಯೇ ಎಂದು ತಿಳಿದರೆ ಅನಿತ್ಯಾನುಪ್ರೇಕ್ಷೆ. ಪರೀಕ್ಷೆಯೂ ಸುಲಭ. ನೆನೆದಾದ ಮೇಲೆ ಎದುರಿಗಿರುವ ಮನುಷ್ಯನ ಮೇಲೆ ನಮಗೆ ಸಿಡುಕು ಹುಟ್ಟಿತೋ, ಕರುಣೆ ಹುಟ್ಟಿತೋ ಎಂದು ನೋಡಿಕೊಂಡರೆ ಸಾಕು. ಅಗಲಿದವರಿಗಾಗಿ ಕಣ್ಣೀರು ಬರಬಾರದೆಂದು ನಾನು ಹೇಳುವುದಿಲ್ಲ. ಗೃಹಸ್ಥರಿಗೆ ಅದು ಸಹಜ. ಬಂದ ಕಣ್ಣೀರು ಹರಿದುಹೋಗಬೇಕೇ ಹೊರತು ಕೆರೆಯಾಗಿ ನಿಲ್ಲಬಾರದು.

ದೊಡ್ಡಮ್ಮ ಮತ್ತೊಮ್ಮೆ ಬಂದಾಗ ಇದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಚಂದ್ರಗಿರಿಯನ್ನು ನೆನೆ, ಡೋಲಿಯನ್ನು ನೆನೆ. ಶಾಲಿನ ವಿಷಯದಲ್ಲಿ ಮಾತ್ರ ಎಚ್ಚರ” ಎಂದರು. ಇಬ್ಬರೂ ನಕ್ಕೆವು. ಅವರು ತಮ್ಮ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ. ನಾನೂ ಆಲ್ಬಮ್ಮನ್ನು ಅಟ್ಟಕ್ಕೆ ಹಾಕಲಿಲ್ಲ.

ಈ ಅನುಭವದಿಂದ ರೋಗಿಗಳಿರುವ ಮನೆಯವರಿಗೆ ಎರಡು ವಿನಂತಿ. ಹಳೆಯ ಯಾತ್ರೆಗಳ ಮಾತನ್ನು ತೆಗೆಯುವಾಗ ರೋಗಿಯೇ ಅದನ್ನು ಆರಿಸಿಕೊಳ್ಳಲಿ. ಅವರು ಆಲಿಸಲಾರದ ದಿನ ಒತ್ತಾಯಿಸಬೇಡಿ. “ಗುಣವಾದೊಡನೆ ಮತ್ತೆ ಎಲ್ಲರೂ ಹೋಗೋಣ” ಎಂಬ ಭರವಸೆಯನ್ನು ಪ್ರತಿ ಮಾತಿಗೂ ಕಟ್ಟಬೇಡಿ. ಅದು ಪ್ರೀತಿಯಿಂದ ಹೇಳಿದ ಮಾತಾದರೂ, ಮಲಗಿದವರಿಗೆ ತೀರಿಸಲಾಗದ ಸಾಲದಂತೆ ಕಾಣುತ್ತದೆ. ನಡೆದುದನ್ನು ನಡೆದಂತೆ ಹೇಳಿದರೆ ಸಾಕು. ಹರಕೆಯ ವಿಷಯದಲ್ಲೂ ಹಾಗೆಯೇ. ಹರಕೆ ಹೊರುವವರನ್ನು ನಾನು ನಿಂದಿಸುವುದಿಲ್ಲ. ಆದರೆ ಧರ್ಮಾಚರಣೆಗೆ ಫಲವನ್ನು ಗೊತ್ತುಪಡಿಸುವುದು ನಿದಾನವಾಗುತ್ತದೆ. ನನಗಾಗಿ ಯಾತ್ರೆಯ ಹರಕೆ ಹೊರಬೇಡಿರೆಂದು ಮಕ್ಕಳಿಗೆ ಹೇಳಿ, ಆ ವೆಚ್ಚದಲ್ಲಿ ನನ್ನೊಡನೆ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ಬಡ ತಾಯಿಯ ಪ್ರಯಾಣದ ಖರ್ಚಿಗೆ ನೆರವಾಗುವಂತೆ ಕೇಳಿಕೊಂಡೆ.

ಕ್ಷೇತ್ರಗಳ ಆಡಳಿತ ಮಂಡಳಿಗಳಿಗೂ ಒಂದು ಮಾತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಚಿಕಿತ್ಸೆ ಮುಗಿಸಿದವರು ದರ್ಶನಕ್ಕೆ ಬರುವುದು ಈಚೆಗೆ ಹೆಚ್ಚುತ್ತಿದೆ. ಕೀಮೋ ಆದ ಎರಡನೆಯ ವಾರದಲ್ಲಿ ಸೋಂಕನ್ನು ತಡೆಯುವ ರಕ್ತಕಣಗಳು ಸಾಮಾನ್ಯವಾಗಿ ತೀರ ಕಡಿಮೆಯಾಗಿರುತ್ತವೆ. ಜನಜಂಗುಳಿ ಅಂಥವರಿಗೆ ಅಪಾಯಕಾರಿ. ಉತ್ಸವದ ಹೊತ್ತನ್ನು ಬಿಟ್ಟು, ಜನವಿಲ್ಲದ ವೇಳೆಯಲ್ಲಿ ಇಂದ್ರರು ಅವರಿಗೆ ದರ್ಶನ ಮಾಡಿಸುವಂತಾಗಲಿ. ಮೆಟ್ಟಿಲುಗಳ ಪಕ್ಕ ಹಿಡಿಕಂಬಿ, ನಡುನಡುವೆ ಕೂರಲು ಕಲ್ಲುಬೆಂಚು, ಸೂರ್ಯಾಸ್ತಕ್ಕೆ ಮೊದಲು ಮೆತ್ತಗಿನ ಗಂಜಿಯೂಟ ದೊರೆಯಲಿ. ಇವು ದೊಡ್ಡ ಮೊತ್ತದ ಕೆಲಸಗಳಲ್ಲ. ಡೋಲಿಯಲ್ಲಿ ಬರುವ ಬಡರೋಗಿಗಳ ವೆಚ್ಚಕ್ಕಾಗಿ, ಹೊರುವವರ ಊಟಕ್ಕೂ ಸೇರಿದಂತೆ, ಒಂದು ನಿಧಿ ಇದ್ದರೆ ಇನ್ನೂ ಒಳಿತು.

ನನ್ನ ಚಿಕಿತ್ಸೆ 2024ರ ಜನವರಿಯಲ್ಲಿ ಮುಗಿಯಿತು. ಈಗ ಗೊತ್ತಾದ ಅವಧಿಗೊಮ್ಮೆ ತಪಾಸಣೆ ನಡೆಯುತ್ತಿದೆ. ಮುಂದೇನೆಂಬುದನ್ನು ವೈದ್ಯರೂ ಹೇಳಲಾರರು, ನಾನೂ ಕೇಳುವುದಿಲ್ಲ. ಆದರೆ ಆರೋಗ್ಯವಂತರಾಗಿ ಯಾತ್ರೆಗೆ ಹೊರಟಿರುವ ಕುಟುಂಬಗಳಿಗೆ ಒಂದನ್ನು ಹೇಳಬಲ್ಲೆ. ಇಂದು ನೀವು ದಾರಿಯಲ್ಲಿ ನಡೆದುಕೊಂಡ ರೀತಿಯೇ ಮುಂದೊಂದು ದಿನ ನಿಮ್ಮಲ್ಲಿ ಯಾರೋ ಒಬ್ಬರ ರೋಗಶಯ್ಯೆಯ ಬಳಿ ಬಂದು ಕೂರುತ್ತದೆ. ಎಷ್ಟು ಕ್ಷೇತ್ರಗಳನ್ನು ಮುಗಿಸಿದಿರಿ, ಎಂಥ ಕೋಣೆಯಲ್ಲಿ ಇಳಿದಿರಿ ಎಂಬುದು ಅಂದು ನೆನಪಿಗೆ ಬರಲಾರದು. ಬುತ್ತಿಯನ್ನು ಯಾರಿಗೆ ಮೊದಲು ಹಂಚಿದಿರಿ, ಹಿಂದೆ ಬಿದ್ದವರಿಗಾಗಿ ಎಲ್ಲಿ ನಿಂತಿರಿ, ನಿಮ್ಮನ್ನು ಹೊತ್ತವರನ್ನು ಹೇಗೆ ಕಂಡಿರಿ ಎಂಬುದು ಬರುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ಅವಸರಪಡಿಸದೆ ಕರೆದುಕೊಂಡು ಹೋಗಿ.